ದೊಡ್ಡತ್ತೆಯ ಕೈತುತ್ತು

ಉಜ್ಬೇಕಿಸ್ತಾನದ ಮಾರ್ಗಿಲಾನ್ ಊರಿನ ಆ ಮನೆಯಲ್ಲಿ ಅವತ್ತು ಮಗುವನ್ನು ತೊಟ್ಟಿಲಿಗೆ ಹಾಕುವ ಸಂಭ್ರಮ. ಹೆಂಗಸರ ಕೋಣೆಯ ನಡುವೆ ಪಲಾವಿನ ದೊಡ್ಡ ತಟ್ಟೆ ಬಂದಾಗ ಜುಲ್ಹುಮೊರ್ ಬಾಗಿಲ ಕಡೆ ನೋಡಿದಳು. ಬಾಗಿಲ ತುಂಬಾ ನೆಂಟರೇ.

ಸೋಮವಾರ ಅವಳ ಹರ್ನಿಯಾ ಆಪರೇಷನ್. ಅಷ್ಟರಲ್ಲಿ ತೂಕ ಇಳಿಯಲೇಬೇಕೆಂದು ಡಾಕ್ಟರು ಪುಡಿಯ ಪೊಟ್ಟಣ ಕೊಟ್ಟಿದ್ದರು. ನೀರಿಗೆ ಕದಡಿ ಕುಡಿಯಬೇಕು, ಊಟವೆಂದರೆ ಅದೇ. ಹಿಂದೊಮ್ಮೆ ಇಂಥದೇ ಔತಣದಲ್ಲಿ ಪಥ್ಯ ಕೆಟ್ಟು ತಾರೀಕು ಕೈತಪ್ಪಿತ್ತು. ಇನ್ನೊಮ್ಮೆ ಹೀಗಾದರೆ ತನ್ನ ಹತ್ತಿರ ಬರಲೇಬೇಡಿ ಎಂದಿದ್ದರು ಡಾಕ್ಟರು.

ಪಕ್ಕದಲ್ಲಿ ನಾದಿನಿ ನಫೋಸತ್ ತಿಂದದ್ದರ ಕ್ಯಾಲೊರಿಯನ್ನು ಮೊಬೈಲಿಗೆ ಒತ್ತುತ್ತ, ಮತ್ತೆ ತಿನ್ನುತ್ತ ಆರಾಮಾಗಿದ್ದಳು.

"ನನ್ನ ಹಂಗೆ ಲೆಕ್ಕ ಇಟ್ಕೋಬಾರ್ದಿತ್ತಾ ಅತ್ತಿಗೆ? ಮಧ್ಯಾಹ್ನ ಪಲಾವ್, ರಾತ್ರಿ ಬರೀ ಸೌತೆಕಾಯಿ. ಸರಿಹೋಯ್ತು."

"ನಿನ್ನ ಲೆಕ್ಕದಲ್ಲಿ ಜಾಗ ಇದೆ ಮಾರಾಯ್ತಿ. ನನ್ನ ಪೊಟ್ಟಣದಲ್ಲಿ ಒಂದು ಅಗುಳಿಗೂ ಇಲ್ಲ."

"ಹಂಗಾದ್ರೆ ಆಪರೇಷನ್ ಅಂತ ಹೇಳ್ಬಿಡಿ."

"ತೊಟ್ಟಿಲ ಮುಂದೇನಾ?"

ತೊಟ್ಟಿಲ ದಿನ ಆ ಮನೆಯಲ್ಲಿ ಆಸ್ಪತ್ರೆ, ಚಾಕು ಎನ್ನುವ ಮಾತನ್ನೇ ಎತ್ತುವಂತಿರಲಿಲ್ಲ.

ಅಷ್ಟರಲ್ಲಿ ಮಗುವಿನ ಅಜ್ಜಿ, ಜುಲ್ಹುಮೊರಳ ಅತ್ತೆಯ ಅಕ್ಕ ಸಬೋಹತ್, ಎದುರು ಬಂದು ಕೂತಳು. ಕಿರಿಯರಿಗೆ ಕೈಯಾರೆ ತುತ್ತಿಡುವುದು ಹಿರಿಯರ ಪ್ರೀತಿ. ಬಾಯಿ ಮುಚ್ಚಿಕೊಂಡರೆ ಆ ಕೈಗೆ ಅವಮಾನ. ಅನ್ನ, ಕ್ಯಾರೆಟ್ಟು, ಕುರಿಯ ಬಾಲದ ಕೊಬ್ಬು ಎಲ್ಲ ಸೇರಿಸಿ ಮುದುಕಿ ಬೆರಳಲ್ಲೇ ಒತ್ತಿ ಉಂಡೆ ಮಾಡಿದಳು.

"ಆ ಅನ್ನು ಕಂದಾ. ಯಾಕಿಷ್ಟು ಬಿಳಿಚಿಕೊಂಡಿದೀಯ? ನನ್ನ ತಂಗಿ ಊಟ ಹಾಕ್ತಾಳೋ, ಬರೀ ಚಾಕರಿ ಮಾಡಿಸ್ತಾಳೋ?"

ಹೆಂಗಸರು ನಕ್ಕರು.

"ಹೊಟ್ಟೆ ಯಾಕೋ ಸರಿ ಇಲ್ಲ ದೊಡ್ಡತ್ತೆ."

ಮುದುಕಿಯ ಕಣ್ಣು ಅವಳ ಹೊಟ್ಟೆಯಿಂದ ತೊಟ್ಟಿಲಿಗೆ ಹೋಗಿ, ಅರಳಿ, ವಾಪಸು ಬಂತು.

"ಹಂಗೇನು? ನಾನೂ ಅದೇ ಅಂದ್ಕೊಂಡೆ. ಇಬ್ಬರ ಪಾಲು ತಿನ್ಬೇಕು ಹಂಗಾದ್ರೆ."

ಅಲ್ಲ ಎನ್ನಲು ಜುಲ್ಹುಮೊರ್ ಬಾಯಿ ತೆರೆದಳು. ತುತ್ತು ಒಳಗಿತ್ತು.

ನುಂಗುವಂತಿಲ್ಲ, ಉಗುಳುವಂತಿಲ್ಲ. ನಾದಿನಿ ಗುಟ್ಟಾಗಿ ಚಹಾದ ಖಾಲಿ ಬಟ್ಟಲು ಅವಳತ್ತ ಸರಿಸಿದಳು. ಆದರೆ ಕೋಣೆಯ ಕಣ್ಣೆಲ್ಲ ಅವಳ ಬಾಯಿಯ ಮೇಲೇ ಇತ್ತು.

"ಹೆಂಗಿದೆ? ಬಾಯಿಬಿಟ್ಟು ಹೇಳು ಮಗಳೇ."

ಹೇಳಬೇಕಾದರೆ ನುಂಗಲೇಬೇಕು. ನುಂಗಿದಳು.

"ಚೆನ್ನಾಗಿದೆ."

ಪುಡಿನೀರು ಕುಡಿದು ಕುಡಿದು ಸತ್ತೇಹೋಗಿದ್ದ ಹಸಿವು ಒಳಗೆಲ್ಲೋ ಮಗ್ಗುಲು ಬದಲಿಸಿತು, ಎದ್ದು ಕೂತಿತು. ದೊಡ್ಡತ್ತೆಯ ಬೆರಳುಗಳು ಆಗಲೇ ಇನ್ನೊಂದು ತುತ್ತು ಒತ್ತುತ್ತಿದ್ದವು.

ಈ ಸಲ ಆ ಅನ್ನು ಎಂದು ಯಾರೂ ಹೇಳಬೇಕಾಗಲಿಲ್ಲ.