ಅಪ್ಪನ ಮೂರನೆಯ ಕೆಮ್ಮು

ನನ್ನ ಹೊಲಿಗೆ ಯಂತ್ರ ಇರುವುದು ಗೋಡೆಗೆ ಒತ್ತಿಕೊಂಡು. ಗೋಡೆಯ ಆಚೆ ಪ್ರಾರ್ಥನೆ ಮನೆ, ಈಚೆ ನಾನು ಮತ್ತು ನನ್ನ ತಮ್ಮ. ಪ್ರಾರ್ಥನೆ ಮನೆಗೆ ಸರ್ಕಾರದವರು ಬೀಗ ಜಡಿದು, ಅರಗಿನ ಮುದ್ರೆ ಒತ್ತಿ ವರ್ಷವಾಯಿತು. ಒಳಗೆ ನರಪಿಳ್ಳೆಯೂ ಇಲ್ಲ. ಆದರೂ ಸಂಜೆ ಪ್ರಾರ್ಥನೆಯ ಹೊತ್ತಾದರೆ ಆ ಕಡೆಯಿಂದ ಅಪ್ಪ ಕೆಮ್ಮುತ್ತಿದ್ದ. ಅಪ್ಪ ಚಳಿಗಾಲದಲ್ಲೇ ತೀರಿಹೋಗಿದ್ದ.

ಅವನದು ರೋಗದ ಕೆಮ್ಮಲ್ಲ. ಪ್ರಾರ್ಥನೆ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಯಾರಾದರೂ ಉಪದೇಶಕ್ಕೆ ನಿಂತಾಗ ನಡುವೆ ಬಾಯಿ ಹಾಕಬಾರದು. ಕೆಮ್ಮಬಾರದು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಅಪ್ಪ ಅಲ್ಲಿ ಕಸ ಗುಡಿಸಿ ಚಾಪೆ ಹಾಸುವವನು, ಕೆಲಸ ಮುಗಿಸಿ ಕಂಬಕ್ಕೆ ಒರಗಿ ಕೂರುತ್ತಿದ್ದ. ಮಾತು ಕಾವೇರಿದರೆ ಒಂದು ಕೆಮ್ಮು. ‘ನಾವು, ಅವರು’ ಅಂತ ಶುರುವಾದರೆ ಎರಡನೆಯದು. ಹೊಡಿ, ಬಡಿ ಅನ್ನುವ ಮಟ್ಟಕ್ಕೆ ಹೋದರೆ ಮೂರನೆಯದು, ಗಂಟಲು ಹರಿಯುವಂಥದ್ದು. ಆಗ ಹಿರಿಯರೆಲ್ಲ ಎದ್ದು ಚಪ್ಪಲಿ ಹುಡುಕತೊಡಗುತ್ತಿದ್ದರು. ಎಂಥ ವೀರನಾದರೂ ಚಪ್ಪಲಿ ಹುಡುಕುವವರ ಬೆನ್ನಿಗೆ ಎಷ್ಟು ಹೊತ್ತು ಭಾಷಣ ಬಿಗಿದಾನು? ಪರದೆಯ ಹಿಂದೆ ನಾವು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ತಮ್ಮ ಚಿಕ್ಕವನಿದ್ದಾಗ ಮೂರನೆಯ ಕೆಮ್ಮು ಕೇಳಿದ್ದೇ ನಿದ್ದೆಗಣ್ಣಲ್ಲೇ ಎದ್ದು ಚಪ್ಪಲಿಗೆ ತಡಕಾಡುತ್ತಿದ್ದ.

ಹೋದ ವರ್ಷ ನಮ್ಮವರೇ ಇಬ್ಬರು ಹುಡುಗರು ಇನ್ನೊಂದು ಪಂಗಡದವರ ಅಂಗಡಿಗೆ ಬೆಂಕಿ ಇಟ್ಟರು. ಒಳಗೆ ಮಲಗಿದ್ದ ಕಾವಲುಗಾರ ಸುಟ್ಟುಹೋದ. ಬೀಗ ಹಾಕಲು ಬಂದ ಅಧಿಕಾರಿ ಕೆಟ್ಟವನೇನಲ್ಲ, ಮೆತ್ತಗೆ ಮಾತಾಡಿದ.

“ನಿಮ್ಮ ಮಕ್ಕಳ ಒಳ್ಳೇದಕ್ಕೇ ಅಮ್ಮಾ. ವಿಷ ಇರೋ ಬಾವೀನ ಮುಚ್ಚಬೇಕಲ್ವಾ?”

ಆ ಕಾವಲುಗಾರನ ಹೆಂಡತಿಯ ಮುಖ ಕಣ್ಣಿಗೆ ಕಟ್ಟಿದಂತಿತ್ತು. ನನಗೂ ಅಧಿಕಾರಿಯ ಮಾತು ಸರಿಯೆನಿಸಿತು. ಅಪ್ಪ ಮಾತ್ರ ಬಿಡಲಿಲ್ಲ.

“ನೆಗಡಿ ಬಂತೂಂತ ಮೂಗು ಕೊಯ್ತಾರಾ ಸ್ವಾಮಿ? ಆ ಇಬ್ಬರು ನನ್ನ ಕೆಮ್ಮು ತಡೀಲಾರದೆ ಇಲ್ಲಿಗೆ ಬರೋದನ್ನೇ ಬಿಟ್ಟಿದ್ರು.”

“ಔಷಧಿ ತಗೊಳ್ಳಿ ತಾತ,” ಎಂದು ಅಧಿಕಾರಿ ಜೀಪು ಹತ್ತಿದ.

ಆಮೇಲೆ ಮುದುಕರು ಮನೆಗಳಲ್ಲೇ ಪ್ರಾರ್ಥನೆ ಮಾಡಿಕೊಂಡರು. ಹುಡುಗರು ಐಸ್ ಕಾರ್ಖಾನೆಯ ಮಹಡಿಯಲ್ಲಿ ಒಂದು ಕೋಣೆ ಹಿಡಿದರು. ಎಲ್ಲಿಂದಲೋ ಒಬ್ಬ ಬೋಧಕ ಬಂದ. ವೆಲ್ಡಿಂಗ್ ಅಂಗಡಿಯಿಂದ ನನ್ನ ತಮ್ಮ ನೇರ ಅಲ್ಲಿಗೇ ಹೋಗುತ್ತಿದ್ದ. ಜೊತೆಗೆ ಎದುರುಮನೆ ದೊಡ್ಡಮ್ಮನ ಮಗ ಲಂಬು, ಚಡ್ಡಿ ಹಾಕುವ ಕಾಲದ ಗೆಳೆಯ. ಒಂದು ಸಂಜೆ ಅಪ್ಪನೂ ಹೋದ. ಅರ್ಧ ಮೆಟ್ಟಿಲಿನಿಂದಲೇ ಅವನನ್ನು ಕೈಹಿಡಿದು ಇಳಿಸಿದವನು ನನ್ನ ತಮ್ಮನೇ. “ಮೆಟ್ಟಿಲು ಜಾಸ್ತಿ ಅಪ್ಪಾ, ನಿಂಗಾಗಲ್ಲ, ಮನೆಗೆ ನಡಿ” ಅಂದನಂತೆ. ಆ ದಿನದಿಂದ ಅಪ್ಪ ಗೋಡೆ ನೋಡಿಕೊಂಡು ಕೂತ. ಒಂದು ದಿನವೂ ಕೆಮ್ಮಲಿಲ್ಲ, ಸಾಯುವಾಗಲೂ.

ಕೆಮ್ಮು ಶುರುವಾದದ್ದು ಅವನನ್ನು ಮಣ್ಣು ಮಾಡಿ ಬಂದ ಮೇಲೆ, ಗೋಡೆಯ ಆಚೆ. ಮೊದಲ ಸಲ ಕೇಳಿದಾಗ ಸೂಜಿ ನನ್ನ ಬೆರಳಿಗೇ ಇಳಿಯಿತು. ಹೆದರಿಕೆ ಆಯಿತು ಅಂದರೆ ಸುಳ್ಳಾಗದು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಬದುಕಿದ್ದಾಗ ಮೂಗನಾಗಿ ಕೂತು ಈಗ ಯಾರಿಗೆ ಕೆಮ್ಮುತ್ತಿದ್ದಾನೆ ಈ ಮುದುಕ?

ಒಂದು ಸಂಜೆ ತಮ್ಮ ಊಟಕ್ಕೆ ಕೂತಿದ್ದಾಗಲೇ ಕೇಳಿಸಿತು. ಒಂದು. ಎರಡು. ಎತ್ತಿದ ತುತ್ತು ಅವನ ಬಾಯಿಗೆ ಹೋಗಲಿಲ್ಲ.

“ನಿಂಗೂ ಕೇಳಿಸ್ತಾ?” ಎಂದೆ.

“ಇಲಿ ಇರಬೇಕು.”

“ಇಲಿ ಎಲ್ಲಾದ್ರೂ ಕೆಮ್ಮುತ್ತೇನೋ?”

ತಟ್ಟೆಯಲ್ಲೇ ಕೈ ತೊಳೆದು ಎದ್ದ. ಚೀಲಕ್ಕೆ ಬಟ್ಟೆ ತುಂಬಿದ. ನಾಳೆ ಸಂಜೆ ಕೋಣೆಯಲ್ಲಿ ಎಲ್ಲರೂ ಆಣೆ ಮಾಡುತ್ತಾರಂತೆ, ನಾಡಿದ್ದು ಬೆಳಗಿನ ಬಸ್ಸಿಗೆ ಹೊರಡುತ್ತಾರಂತೆ. ಎಲ್ಲಿಗೆ ಅಂದರೆ ಹೇಳಲಿಲ್ಲ, ಯಾವಾಗ ಬರುತ್ತೀ ಅಂದರೆ ನನ್ನ ಮುಖ ನೋಡಲಿಲ್ಲ. ಅವ್ವ ಸತ್ತಾಗ ಅವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಎತ್ತಿ ಆಡಿಸಿದವಳು ನಾನು. ಅವನಲ್ಲದೆ ನನಗಿನ್ನು ಯಾರಿದ್ದಾರೆ?

ಮರುದಿನ ಯಂತ್ರಕ್ಕೆ ಮುಸುಕು ಹಾಕಿ ನಾನೂ ಹೋದೆ. ಕೆಳಗೆ ಐಸ್ ಒಡೆಯುತ್ತಿದ್ದರು, ಮೆಟ್ಟಿಲೆಲ್ಲ ಒದ್ದೆ. ಮೇಲೆ ಬಾಗಿಲ ಬಳಿ ಚಪ್ಪಲಿಗಳ ನಡುವೆ ನಿಂತೆ. ಒಳಗೆ ಬರೀ ಹುಡುಗರು. ಒಂದು ನೆರೆತ ತಲೆ ಇಲ್ಲ, ಒರಗಲು ಕಂಬವೂ ಇಲ್ಲ. ಬೋಧಕನ ದನಿ ಜೇನಿನಂತಿತ್ತು. ನಾವು, ಅವರು, ನಾವು, ಅವರು.

ನಾನು ಕೆಮ್ಮಿದೆ. ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಕೆಮ್ಮಿದೆ.

“ಯಾರಮ್ಮ ಅದು? ಕೆಳಗೆ ಹೋಗಿ ನೀರು ಕುಡೀರಿ,” ಎಂದ ಬೋಧಕ. ಇಬ್ಬರು ಎದ್ದು ನನ್ನ ಕಡೆ ಬಂದರು. ನಾನು ಬಾಯಿ ತೆರೆದೆ. ಮೂರನೆಯದು ಬರಲೇ ಇಲ್ಲ.

ಆಗ ಬಂತು ಅದು. ಗಂಟಲು ಹರಿಯುವಂಥ, ಕೋಣೆಯ ಗಾಜು ಅದುರುವಂಥ ಕೆಮ್ಮು. ಅಪ್ಪನದೇ. ನೋಡಿದರೆ ಹುಡುಗರ ನಡುವೆ ತಮ್ಮ ಎದೆ ಹಿಡಿದು ಬಗ್ಗಿದ್ದಾನೆ, ಅವನ ಬಾಯಿಂದಲೇ ಅದು ಬರುತ್ತಿದೆ. ಕಣ್ಣಲ್ಲಿ ಧಾರಾಕಾರ ನೀರು. ಕೆಮ್ಮು ನಿಂತ ಮೇಲೆ ಅವನು ನಿದ್ದೆಯಲ್ಲಿರುವವನಂತೆ ಎದ್ದು ಬಾಗಿಲಿಗೆ ಬಂದು ಚಪ್ಪಲಿಗೆ ತಡಕಾಡಿದ. ಹಿಂದೆ ಯಾರೂ ಏಳಲಿಲ್ಲ. ಲಂಬು ಅರ್ಧ ಎದ್ದವನು ಬೋಧಕನ ಮುಖ ನೋಡಿ ಕೂತ.

ಬೆಳಿಗ್ಗೆ ಲಂಬುವನ್ನೂ ಉಳಿದ ಹುಡುಗರನ್ನೂ ಹತ್ತಿಸಿಕೊಂಡು ಬಸ್ಸು ಹೋಯಿತು. ತಮ್ಮ ಈಗ ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂರುತ್ತಾನೆ, ಮಾತಿಲ್ಲ ಕತೆಯಿಲ್ಲ. ಬೀಗ ಹಾಗೇ ಇದೆ. ಗೋಡೆ ಅಂದಿನಿಂದ ಸುಮ್ಮನಾಗಿದೆ, ಆ ಮೌನ ಕೆಮ್ಮಿಗಿಂತ ಹೆಚ್ಚು ಹೆದರಿಸುತ್ತದೆ.

ನಿನ್ನೆ ಸಂಜೆ ದೊಡ್ಡಮ್ಮ ಫೋನು ಹಿಡಿದು ಬಂದರು.

“ಲಂಬು ಇವತ್ತು ಫೋನ್ ಮಾಡ್ತಾನಂತೆ ಕಣೆ. ಎರಡೇ ಮಾತಂತೆ, ಅಳಬಾರದಂತೆ, ವಾಪಸ್ ಬಾ ಅನ್ನಬಾರದಂತೆ. ನಿಮ್ಮಪ್ಪ ಹೇಗೆ ಕೆಮ್ತಿದ್ರು? ನಂಗೂ ಒಂಚೂರು ಹೇಳ್ಕೊಡು.”

ಹೇಳಿಕೊಟ್ಟೆ. ಆಕೆ ಕೆಮ್ಮಲು ಹೋದರು, ಅಳುವೇ ಬಂತು.

“ಅಳೋದಲ್ಲ ದೊಡ್ಡಮ್ಮ, ಎದೆಯಿಂದ ಬರಬೇಕು,” ಎಂದೆ.

“ಎದೇಲಿ ಇದೇ ಇರೋದು ಮಗಳೇ.”

ತಮ್ಮ ಎದ್ದು ಬಂದು ಆಕೆಯ ಪಕ್ಕ ಕೂತ. ಪ್ರಾರ್ಥನೆಯ ಹೊತ್ತು ಕಳೆಯಿತು. ಫೋನು ಯಂತ್ರದ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಕೆಮ್ಮಲು ನೋಡಿದರು.