ವಿಜ್ಜಿ ಅವ್ವನ ಮುಂದೆ ಯಾಕೆ ಹೇಳಲಿಲ್ಲ?

ಗಂಗಾವತಿ ಕಡೆ, ಕಾಲುವೆ ಪಕ್ಕದ ಒಂದು ಊರು. ಹುಲಗೆಮ್ಮ ಭತ್ತದ ನಾಟಿ ಮುಗಿಸಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಳು. ಎಂಟನೇ ತರಗತಿಯ ಮಗಳು ವಿಜ್ಜಿ ಹತ್ತಿರ ಬಂದು ನಿಂತಳು.

"ಅವ್ವಾ, ಹೊಟ್ಟಿ ನೋಯ್ತೈತಿ."

"ನಿಂದು ಹೊಟ್ಟಿ ಅಷ್ಟ. ನನ್ನ ಸೊಂಟ ನೋಡು! ಮುಂಜಾನಿಂದ ಕೆಸರಾಗ ಬಗ್ಗೀನಿ. ನನ್ನ ಯಾರು ಕೇಳ್ತಾರ?"

ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ಗಂಡ ರಾಮಾಂಜನೇಯ ಕಟ್ಟೆಯ ಮೇಲಿಂದ ನಕ್ಕ. "ನಿಮ್ಮವ್ವನ ಮುಂದ ಚೇಳು ಕಡೀತು ಅನಬ್ಯಾಡವ್ವಾ. ನನಗ ಹಾವ ಕಡದಿತ್ತು ಅಂತಾಳ!"

ವಿಜ್ಜಿಯೂ ನಕ್ಕಳು. ಆದರೆ ಮತ್ತೆ ಅವ್ವನ ಮುಂದೆ ಆ ಮಾತು ಎತ್ತಲಿಲ್ಲ.

ವಾರ ಕಳೆಯುವುದರೊಳಗೆ ಹುಡುಗಿಗೆ ಚಳಿಜ್ವರ ಬಂತು. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಶಹನಾಜಬೇಗಂ ಬಂದು ಹಣೆ ಮುಟ್ಟಿದಳು. "ಏನಾಗ್ತೈತವ್ವಾ?" ಎಂದು ಕೇಳಿ ಸುಮ್ಮನೆ ಕುಳಿತಳು. ವಿಜ್ಜಿ ಮೆಲ್ಲಗೆ ಎಲ್ಲ ಹೇಳಿದಳು. ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಹುಡುಗರು ಬಾಗಿಲು ತಳ್ಳಿ ಓಡುತ್ತಾರೆ. ಅದಕ್ಕೇ ಅವಳು ಸಂಜೆಯವರೆಗೆ ನೀರು ಕುಡಿಯುವುದಿಲ್ಲ, ಮೂತ್ರ ತಡೆದುಕೊಂಡೇ ಕೂರುತ್ತಾಳೆ. ಈಗ ಮೂತ್ರ ಮಾಡುವಾಗ ಉರಿ.

ಶಹನಾಜ ಅದನ್ನು ಹುಲಗೆಮ್ಮನಿಗೆ ತಿಳಿಸಿದಳು; ಅಂದೇ ಮೂವರೂ ಆಸ್ಪತ್ರೆಗೆ ಹೋದರು. ವೈದ್ಯರು ಪರೀಕ್ಷೆ ಮಾಡಿಸಿ, ಮೂತ್ರದ ಸೋಂಕು ಎಂದರು. "ಇನ್ನೂ ತಡ ಮಾಡಿದ್ರ ಮೂತ್ರಪಿಂಡಕ್ಕ ಧಕ್ಕಿ ಆಗ್ತಿತ್ತು" ಎಂದು ಗುಳಿಗೆ ಬರೆದುಕೊಟ್ಟರು.

ಮನೆಗೆ ಬಂದ ಮೇಲೆ ಹುಲಗೆಮ್ಮ ಶಹನಾಜಳ ಮೇಲೆ ಸಿಡುಕಿದಳು. "ಹಡದಾಕಿ ನಾನು! ನಿನ್ನ ಮುಂದ ಹೇಳ್ಯಾಳ, ನನ್ನ ಮುಂದ ಹೇಳಿಲ್ಲ. ನನ್ನ ಮರ್ಯಾದಿ ಏನುಳೀತು?"

"ನೋಡು, ಮತ್ತ ನಿನ್ನ ಸುದ್ದಿನ ಬಂತು. ಜ್ವರ ಬಂದಿದ್ದು ಆಕಿಗೆ," ಎಂದಳು ಶಹನಾಜ.

"ಅಂದ್ರ? ನಾ ದುಡಿಯೂದು ಯಾರ ಸಲುವಾಗಿ?"

"ದುಡೀತಿ, ಯಾರು ಇಲ್ಲ ಅಂದ್ರು? ಒಂದು ಕೇಳ್ತೀನಿ ಹೇಳು. ಸಣ್ಣಾಕಿ ಇದ್ದಾಗ ನಿನಗ ನೋವಾದ್ರ ಯಾರ ಮುಂದ ಹೇಳ್ತಿದ್ದಿ?"

ಹುಲಗೆಮ್ಮನ ದನಿ ತಗ್ಗಿತು. "ಒಮ್ಮಿ ಕಾಲಿಗೆ ಕುಡಗೋಲು ತಾಗಿತ್ತು. ರಕ್ತ ಸೋರತಿತ್ತು. 'ನಿನ್ನ ಹಡಿಯೂವಾಗ ನಾ ಎಷ್ಟ ರಕ್ತ ಕಳಕೊಂಡೀನಿ ಗೊತ್ತೇನು' ಅಂದ್ಲು ನಮ್ಮವ್ವ. ಆಮ್ಯಾಗ ನಾ ಏನೂ ಹೇಳಾಕ ಹೋಗಲಿಲ್ಲ. ಪಾಪ, ಆಕಿ ನೋವನ್ನೂ ಯಾರೂ ಕೇಳಿರಲಿಲ್ಲ ಬಿಡು."

"ಅದನ್ನ ನೋಡಿ ನೀ ಕಲತಿ. ನಿನ್ನ ನೋಡಿ ವಿಜ್ಜಿ ಕಲೀತಾಳ."

"ಈ ವಯಸ್ಸಿನಾಗ ನಾಲಿಗಿ ತಿದ್ದಾಕ ಆಗ್ತೈತೇನಕ್ಕಾ?"

"ಆಕಿ ಮಾತು ಮುಗಿಯೂತನ ನಿನ್ನ ಸುದ್ದಿ ತಗೀಬ್ಯಾಡ, ಸಾಕು. ಸೊಂಟದ ನೋವು ನನ್ನ ಮುಂದ ಹೇಳು, ನಿನ್ನ ಗಂಡನ ಮುಂದ ಹೇಳು. ಅದನ್ನ ಹೊರೂದು ಆಕಿ ಕೆಲಸ ಅಲ್ಲ."

ಜ್ವರ ಇಳಿದ ಮೇಲೆ ಹುಲಗೆಮ್ಮ ಮಗಳ ಜೊತೆ ಶಾಲೆಗೆ ಹೋದಳು. "ಏನವ್ವಾ, ಏನು ಬಂದ್ರಿ?" ಎಂದರು ಮುಖ್ಯೋಪಾಧ್ಯಾಯರು.

"ಸರ, ಕೂಲಿ ಬಿಟ್ಟು ಬಂದೀನಿ ನೋಡ್ರಿ. ದವಾಖಾನಿಗೆ ತಿರುಗಿ ತಿರುಗಿ ನನ್ನ ಕಾಲು..."

ಮಾತು ಅಲ್ಲಿಗೇ ನಿಂತಿತು. ಪಕ್ಕದಲ್ಲಿ ವಿಜ್ಜಿ ತಲೆ ತಗ್ಗಿಸಿ ನಿಂತಿದ್ದಳು. ಹುಲಗೆಮ್ಮ ಮಗಳ ಬೆನ್ನ ಮೇಲೆ ಕೈ ಇಟ್ಟಳು.

"ನಂದಿರ್ಲಿ ಬಿಡ್ರಿ ಸರ. ಆಕಿ ಹೇಳ್ತಾಳ. ಹೇಳವ್ವಾ, ನಾ ಇಲ್ಲೇ ಅದೀನಿ."

ವಿಜ್ಜಿ ಮೊದಲು ತೊದಲಿದಳು. ಆಮೇಲೆ ಒಂದೂ ಬಿಡದೆ ಹೇಳಿದಳು. ಮುಖ್ಯೋಪಾಧ್ಯಾಯರು ಮಧ್ಯಾಹ್ನವೇ ಬಡಗಿಯನ್ನು ಕರೆಸಿ ಚಿಲಕ ಹಾಕಿಸಿದರು. ಬಾಗಿಲು ತಳ್ಳುತ್ತಿದ್ದ ಹುಡುಗರನ್ನೂ ಕರೆದು ಮಾತಾಡಿದರು.

ಆ ಸಂಜೆ ಹುಲಗೆಮ್ಮ ರೊಟ್ಟಿ ತಟ್ಟುತ್ತಿದ್ದಳು. ವಿಜ್ಜಿ ಒಲೆಯ ಮುಂದೆ ಕುಳಿತು ಶಾಲೆಯ ಸುದ್ದಿ ಹೇಳುತ್ತಲೇ ಇದ್ದಳು. "ಮನ್ಯಾಗ ರೇಡಿಯೋ ಹಚ್ಚಿದಂಗ ಆತಲ್ಲ!" ಎಂದ ರಾಮಾಂಜನೇಯ.

"ನೀವ ಸುಮ್ಮನಿರ್ರಿ," ಎಂದಳು ಹುಲಗೆಮ್ಮ. "ಆಕಿಂದು ಇನ್ನೂ ಮುಗಿದಿಲ್ಲ."

ತಾಯಂದಿರೇ, ತಂದೆಯಂದಿರೇ, ದುಡಿದು ದಣಿದು ಬರುವ ನಮಗೂ ನೋವಿದೆ. ಅದು ಸುಳ್ಳಲ್ಲ. ಚಿಕ್ಕವರಿದ್ದಾಗ ನಮ್ಮನ್ನು ಯಾರೂ ಕೇಳಲಿಲ್ಲ, ಅದೂ ನಿಜ. ಆದರೆ ಆ ವಾಡಿಕೆಯನ್ನು ನಮ್ಮ ಮಕ್ಕಳಿಗೆ ದಾಟಿಸುವುದು ಬೇಡ. ಇವತ್ತು ಊಟಕ್ಕೆ ಕುಳಿತಾಗ ನಿಮ್ಮ ಮಗುವನ್ನು ಮಾತಾಡಿಸಿ. ಅದರ ಮಾತು ಮುಗಿಯುವವರೆಗೆ ನಿಮ್ಮ ಮಾತನ್ನು ತಡೆದಿಡಿ.