ಒಂದೇ ಕಾಲು ಊದಿಕೊಂಡಾಗ

ಶನಿವಾರ ಬಂತೆಂದರೆ ಸಾರಿಕೊಸ್ಕಿ ಹಳ್ಳಿಯಲ್ಲಿ ಮನೆಮನೆಯ ಸೌನಾ ಎಂಬ ಆವಿಸ್ನಾನದ ಕೋಣೆಯಿಂದಲೂ ಹೊಗೆ ಏಳುತ್ತದೆ. ಕಾಲು ಉಳುಕಲಿ, ನೆಗಡಿಯಾಗಲಿ, ಹೆಂಡತಿಯ ಜೊತೆ ಮಾತು ಬಿಟ್ಟಿರಲಿ, ಕಾದ ಕಲ್ಲಿನ ಮೇಲೆ ನೀರು ಸುರಿದು ಆವಿಯಲ್ಲಿ ಬೆವರಿದರೆ ಸರಿಹೋಗುತ್ತದೆಂದು ಅಲ್ಲಿಯವರ ನಂಬಿಕೆ. ಎಷ್ಟೋ ಸಲ ಸರಿಹೋಗುವುದೂ ಉಂಟು.

ಆ ಶನಿವಾರ ಇರ್ಮೆಲಿಗೆ ಮಾತ್ರ ಸಮಾಧಾನವಿರಲಿಲ್ಲ. ಗಂಡ ಓಸ್ಮೊ ಉತ್ತರದ ಜೌಗಿಗೆ ಹಣ್ಣು ಆಯಲು ಹೋಗಿ, ಬರುವಾಗ ಹನ್ನೊಂದು ಗಂಟೆ ಕಾರು ಓಡಿಸಿದ್ದ. ನಿಲ್ಲಿಸಿದ್ದು ಒಂದೇ ಸಲ, ಅದೂ ಪೆಟ್ರೋಲಿಗೆ ಎಂದು ಅಕ್ಕಪಕ್ಕದವರ ಮುಂದೆ ಜಂಬ ಕೊಚ್ಚಿಕೊಂಡಿದ್ದ. ಮೂರನೆಯ ದಿನ ಎಡಗಾಲಿನ ಮೀನಖಂಡ ಊದಿತು. ಮುಟ್ಟಿದರೆ ಬಿಸಿ, ನೋಡಿದರೆ ಕೆಂಪು, ಹೆಜ್ಜೆಯಿಟ್ಟರೆ ನೋವು. ಆಸ್ಪತ್ರೆಗೆ ಫೋನ್ ಮಾಡೋಣವೆಂದು ಅವಳು ಎರಡು ದಿನದಿಂದ ಬಡಕೊಳ್ಳುತ್ತಿದ್ದಳು. ಸ್ನಾಯು ಗಂಟು ಕಟ್ಟಿದೆ ಅಷ್ಟೆ, ಊರಿನ ಸೈಮಜ್ಜಿ ಬಂದು ಚರ್ಮ ಗೀರಿ ಟೊಳ್ಳು ಕೊಂಬು ಹಾಕಿ ಕೆಟ್ಟ ರಕ್ತ ಹೀರಿ ತೆಗೆದು ಚೆನ್ನಾಗಿ ತಿಕ್ಕಿದರೆ ಮುಗಿಯಿತು ಎಂದು ಅವನ ವಾದ.

"ಸೌನಾಗೂ ಬಗ್ಗದ ಕಾಯಿಲೆ ಅಂದ್ರೆ ಸಾಯೋ ಕಾಯಿಲೆ ಮಾತ್ರ ಅಂತ ನಮ್ಮಜ್ಜ ಹೇಳ್ತಿದ್ದ."

"ಹೇಳ್ತಿದ್ದ. ಐವತ್ತೆರಡಕ್ಕೇ ಹೋದ," ಎಂದಳು ಇರ್ಮೆಲಿ.

ಸೈಮಜ್ಜಿಗೆ ಎಪ್ಪತ್ತೆರಡು. ನಲವತ್ತು ವರ್ಷದಿಂದ ಊರವರಿಗೆಲ್ಲ ಸೌನಾದಲ್ಲಿ ಕೊಂಬು ಹಾಕುತ್ತಾ ಬಂದವರು. ಈ ಅಜ್ಜಿಯೂ ಗಂಡನ ಕಡೆಗೇ ಸೇರುತ್ತಾರೆಂದು ಇರ್ಮೆಲಿ ಒಳಗೊಳಗೇ ಕುದಿಯುತ್ತಿದ್ದಳು. ಆದರೆ ಅಜ್ಜಿ ಬಂದವರೇ ಹೊಲಿಗೆಯ ಟೇಪು ಕೇಳಿದರು. ಎರಡೂ ಮೀನಖಂಡಗಳ ಸುತ್ತಳತೆ ನೋಡಿದರು. ಎಡಗಾಲಿನದು ನಾಲ್ಕು ಸೆಂಟಿಮೀಟರ್ ಹೆಚ್ಚಿತ್ತು. ಅವರು ಕೊಂಬಿನ ಚೀಲವನ್ನು ಮುಚ್ಚಿಬಿಟ್ಟರು.

"ಇದನ್ನ ನಾನು ಮುಟ್ಟಲ್ಲ ಕಣೋ. ಸೌನಾನೂ ಬೇಡ ಇವತ್ತು."

ಅಜ್ಜಿಯ ಕೈಗೂ ವಯಸ್ಸಾಯಿತು ಎಂದು ಓಸ್ಮೊ ಚುಚ್ಚಿದ. ಅಜ್ಜಿ ಅದನ್ನು ಕಿವಿಗೆ ಹಾಕಿಕೊಳ್ಳದೆ ನಿಧಾನವಾಗಿ ಬಿಡಿಸಿ ಹೇಳಿದರು. ಕೊಂಬು ಹಾಕುವವರ ತರಬೇತಿಯಲ್ಲಿ ಮೊದಲ ಪಾಠವೇ ಶರೀರದ್ದಂತೆ. ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವ ನಾಳ ಅಪಧಮನಿ. ಮರಳಿ ಹೃದಯಕ್ಕೆ ತರುವುದು ಅಭಿಧಮನಿ. ಕಾಲಿನ ರಕ್ತ ಮೇಲಕ್ಕೆ ಏರಬೇಕಲ್ಲ, ಅದಕ್ಕೆ ನಾವು ನಡೆದಾಗಲೆಲ್ಲ ಮೀನಖಂಡದ ಸ್ನಾಯು ಅಭಿಧಮನಿಯನ್ನು ಹಿಂಡಿ ರಕ್ತವನ್ನು ಪಂಪಿನಂತೆ ಮೇಲಕ್ಕೆ ತಳ್ಳುತ್ತದೆ. ಒಳಗಿರುವ ಪುಟ್ಟ ಕವಾಟಗಳು ಅದು ಕೆಳಕ್ಕೆ ಜಾರದಂತೆ ತಡೆಯುತ್ತವೆ. ಗಂಟೆಗಟ್ಟಲೆ ಕಾಲಾಡಿಸದೆ ಕೂತರೆ ಓಟ ನಿಧಾನವಾಗಿ ರಕ್ತ ಅಲ್ಲೇ ಹೆಪ್ಪುಗಟ್ಟಿ ಆ ಕಾಲು ಊದಬಹುದು.

"ಹಂಗಾದ್ರೆ ತಿಕ್ಕಿ ಕರಗಿಸಿ ಮತ್ತೆ," ಎಂದ ಓಸ್ಮೊ.

"ನಮ್ಮಪ್ಪ ಹೊಳೇಲಿ ಮರದ ದಿಮ್ಮಿ ತೇಲಿಸ್ತಿದ್ದ. ಸಿಕ್ಕಾಕ್ಕೊಂಡಿರೋ ರಾಶಿನ ತಿವಿದ್ರೆ ಅದು ಕರಗತ್ತಾ? ಒಟ್ಟಿಗೇ ಹೊರಟು ಕೆಳಗಿನ ಸೇತುವೆಗೆ ಬಡಿಯತ್ತೆ. ಈ ಹೆಪ್ಪು ಹೊರಟ್ರೆ ತೊಡೆ ದಾಟಿ, ಹೊಟ್ಟೆ ದಾಟಿ, ಹೃದಯಕ್ಕೆ. ಅಲ್ಲಿಂದ ಸೀದಾ ಶ್ವಾಸಕೋಶಕ್ಕೆ. ಅಲ್ಲಿ ಅಡ್ಡ ಕೂತ್ರೆ ಜೀವಕ್ಕೇ ಕುತ್ತು. ಇದು ಹೆಪ್ಪೋ ಉಳುಕೋ ನಂಗೊತ್ತಿಲ್ಲ. ಗೊತ್ತಿಲ್ಲ ಅಂತಾನೇ ಮುಟ್ಟಲ್ಲ."

ಇರ್ಮೆಲಿ ಆಗಲೇ ಫೋನ್ ಕೈಗೆತ್ತಿಕೊಂಡಿದ್ದಳು. ಕೂಡಲೇ ಬನ್ನಿ ಎಂದರು ಆಸ್ಪತ್ರೆಯವರು.

ಸ್ಕ್ಯಾನ್ ಮಾಡಿದಾಗ ಮಂಡಿಯ ಹಿಂದಿನ ಅಭಿಧಮನಿಯಲ್ಲಿ ಹೆಪ್ಪು ಕಂಡಿತು. ಕಾಲನ್ನು ಯಾರಾದರೂ ತಿಕ್ಕಿದರಾ ಎಂದು ವೈದ್ಯೆ ಕೇಳಿದರು. ಇಲ್ಲ ಎಂದ ಓಸ್ಮೊ. ಒಳ್ಳೆಯದಾಯಿತು, ಹೆಪ್ಪು ಇದ್ದಲ್ಲೇ ಇದೆ, ಶ್ವಾಸಕೋಶಕ್ಕೆ ಏನೂ ಆಗಿಲ್ಲ, ಇನ್ನು ಮಾತ್ರೆ ನೋಡಿಕೊಳ್ಳುತ್ತದೆ ಎಂದರು. ಇರ್ಮೆಲಿಗೆ ಹೋದ ಜೀವ ಬಂದಂತಾಯಿತು. ಅಳು, ನಗು ಒಟ್ಟಿಗೇ ಬಂದವು.

ಹೊರಗೆ ಬಂದು ಓಸ್ಮೊ ಮೊದಲು ಮಾಡಿದ್ದೇ ಸೈಮಜ್ಜಿಗೆ ಫೋನ್. "ನೀವು ತಿಕ್ಕಿದ್ದಿದ್ರೆ ಇವತ್ತು ನಾನಿರ್ತಿರಲಿಲ್ಲ ಅಜ್ಜಿ," ಎಂದ.

ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಯಾರದಾದರೂ ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದೆಯೇ? ಎಣ್ಣೆ ಹಚ್ಚಿ ತಿಕ್ಕಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಎದೆ ನೋವು ಬಂದರೆ ಇಲ್ಲವೇ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ತಕ್ಷಣ 112ಕ್ಕೆ ಕರೆ ಮಾಡಿ. ದೂರದ ಪ್ರಯಾಣದಲ್ಲಿ ಆಗಾಗ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಯಾರಾದರೂ ನಿಮ್ಮ ಕಾಲು ಮುಟ್ಟಲು ಒಪ್ಪದೆ ಆಸ್ಪತ್ರೆಗೆ ಹೋಗು ಎಂದರೆ ಕೋಪಿಸಿಕೊಳ್ಳಬೇಡಿ, ಹೊರಡಿ.